ಕೈ ಸುಟ್ಟುಕೊಳ್ಳುವುದಕ್ಕೊಂದು ವಿದ್ಯಾರ್ಥಿವೇತನ

ಕೆಲವು ವರ್ಷಗಳ ಹಿಂದೆ ಒಂದು ಅರ್ಜಿಗೆ ಹತ್ತಕ್ಕೆ ಎರಡು ಅಂಕ ಕೊಟ್ಟಿದ್ದೆ. ಆ ಎರಡು ಅಂಕ ಈಗಲೂ ಆಗಾಗ ಬಂದು ನನ್ನೆದುರು ಕೂರುತ್ತದೆ.

ಶಾಲೆಯ ಕೊನೆಯ ವರ್ಷದ ಓದಿನ ಜೊತೆಗೇ ಉದ್ಯಮಶೀಲತೆಯ ತರಬೇತಿಯನ್ನೂ ಕೊಡುವ ವಿದ್ಯಾರ್ಥಿವೇತನವೊಂದಕ್ಕೆ ಬಂದ ಅರ್ಜಿಗಳನ್ನು ಓದಿ ಅಂಕ ಹಾಕುವ ಸ್ವಯಂಸೇವಕರಲ್ಲಿ ನಾನೂ ಒಬ್ಬಳಾಗಿದ್ದೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅರ್ಜಿದಾರರ ಹೆಸರು ನಮಗೂ ಕಾಣುತ್ತಿರಲಿಲ್ಲ, ಒಂದು ಸಂಖ್ಯೆ ಮಾತ್ರ ಇರುತ್ತಿತ್ತು. ಈ ಅರ್ಜಿ ಬರೆದವಳು ಹುಡುಗಿ ಎಂಬುದು ಒಕ್ಕಣೆಯಿಂದ ತಿಳಿಯಿತು. ಮೇಲಿನ ತರಗತಿಗೆ ಹೋದವರಿಂದ ಹಳೆಯ ಪಠ್ಯಪುಸ್ತಕ ಕೊಂಡು, ಕಿತ್ತುಹೋದ ರಟ್ಟು ಅಂಟಿಸಿ, ಪೆನ್ಸಿಲ್ ಗೀಟುಗಳನ್ನು ಅಳಿಸಿ, ಕೆಳಗಿನ ತರಗತಿಯವರಿಗೆ ಮಾರುವುದು ಅವಳ ಉದ್ಯಮ. ಮೊದಲ ವರ್ಷ ಲಾಭವಾಯಿತು. ಎರಡನೆಯ ವರ್ಷ ಧೈರ್ಯ ಬಂದು, ಕೆಲವರಿಂದ ಮುಂಗಡ ಪಡೆದು, ಇನ್ನು ಕೆಲವರ ಹತ್ತಿರ ಸಾಲ ಮಾಡಿ, ಎರಡು ಪಟ್ಟು ಪುಸ್ತಕ ಕೊಂಡಳು. ಆ ವರ್ಷವೇ ಪಠ್ಯಕ್ರಮ ಬದಲಾಯಿತು. ಕೊಂಡ ರಾಶಿಯೆಲ್ಲ ರದ್ದಿಯಾಯಿತು.

ಅರ್ಜಿಯ ಉಳಿದ ಎರಡು ಪುಟಗಳಲ್ಲಿ ಅವಳು ಬರೆದದ್ದು ಆ ರದ್ದಿಯ ಕಥೆಯನ್ನೇ. ಪಠ್ಯ ಬದಲಾಗುವ ಸುಳಿವು ಎಲ್ಲಿ ಸಿಗಬಹುದಿತ್ತು, ಯಾರನ್ನು ಕೇಳಬೇಕಿತ್ತು, ಕೇಳದೇ ಇದ್ದದ್ದೇಕೆ, ಮುಂಗಡ ಕೊಟ್ಟವರಿಗೆ ಹೇಗೆ ಹೇಳಿದೆ, ಯಾರ ಹಣವನ್ನು ಮೊದಲು ಹಿಂತಿರುಗಿಸಿದೆ ಎಂದೆಲ್ಲ ಬರೆದು, ಕೊನೆಯಲ್ಲಿ ಸ್ಕೇಲು ಹಿಡಿದು ಗೆರೆ ಎಳೆದ ಒಂದು ಲೆಕ್ಕದ ಹಾಳೆಯನ್ನೂ ಲಗತ್ತಿಸಿದ್ದಳು. ನಮಗೆ ಕೊಟ್ಟಿದ್ದ ಮೌಲ್ಯಮಾಪನದ ನಮೂನೆಯಲ್ಲಿ ‘ಸಾಧನೆ’ ಎಂಬ ಕಲಮಿತ್ತು. ‘ಉದ್ಯಮ ಈಗ ಯಾವ ಹಂತದಲ್ಲಿದೆ?’ ಎಂಬ ಪ್ರಶ್ನೆಗೆ ಅವಳ ಉತ್ತರ: ‘ಮುಚ್ಚಿದೆ.’ ನಾನು ಎರಡು ಅಂಕ ಹಾಕಿ ಮುಂದಿನ ಅರ್ಜಿ ತೆಗೆದುಕೊಂಡೆ.

ಅದೇ ಸಂಜೆ ಇನ್ನೊಬ್ಬ ಅರ್ಜಿದಾರನಿಗೆ ಒಂಬತ್ತು ಕೊಟ್ಟೆ. ಅವನದು ಒಂದು ಮೊಬೈಲ್ ಆ್ಯಪ್. ನಿಜ ಹೇಳಬೇಕೆಂದರೆ ಆ ಆ್ಯಪ್ ಇನ್ನೂ ಹುಟ್ಟಿರಲಿಲ್ಲ. ಅದರ ಚಿತ್ರಗಳಿದ್ದವು, ಬಾಣವೊಂದು ಮೇಲಕ್ಕೆ ಹೋಗುವ ನಕ್ಷೆಯಿತ್ತು, ಐದು ವರ್ಷಗಳ ಆದಾಯದ ಅಂದಾಜಿತ್ತು. ಕೂಸು ಹುಟ್ಟುವ ಮುನ್ನ ಹೊಲಿದ ಕುಲಾವಿ ಬಹಳ ಚೆನ್ನಾಗಿತ್ತು. ಬರವಣಿಗೆಯಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ ಎಂಬುದಕ್ಕೂ ಅರ್ಧ ಅಂಕ ಕೊಟ್ಟಿರಬೇಕು.

ನಾನು ಯಾವ ಜಾತಿಯ ಓದುಗಾರ್ತಿ ಎಂಬುದನ್ನು ಹೇಳಿದರೆ ಈ ಅಂಕಗಳ ಮರ್ಮ ತಿಳಿದೀತು. ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ತೆಗೆದು, ಆ ಅಂಕದ ಬಲದಿಂದ ಮುಂದಿನ ಕಾಲೇಜು, ಅದರ ಬಲದಿಂದ ಕೆಲಸ ಎಂದು ಮೆಟ್ಟಿಲು ಹತ್ತಿದವಳು ನಾನು. ಬದುಕಿನಲ್ಲಿ ಒಮ್ಮೆಯೂ ಸ್ವಂತ ಹಣ ಹಾಕಿ ಏನನ್ನೂ ಮಾರಿದವಳಲ್ಲ. ಇಂಥ ಸಮಿತಿಗಳಲ್ಲಿ ಕೂರುವವರಲ್ಲಿ ನನ್ನಂಥವರೇ ಹೆಚ್ಚು. ಕೈ ಸುಟ್ಟುಕೊಳ್ಳದವರೆಲ್ಲ ಸೇರಿ, ಬೆಂಕಿಯ ಹತ್ತಿರ ಹೋಗಲು ಯಾರು ಯೋಗ್ಯರೆಂದು ತೀರ್ಮಾನಿಸುತ್ತೇವೆ.

ಆಮೇಲೆ ಈ ಬಗೆಯ ವಿದ್ಯಾರ್ಥಿವೇತನಗಳ ಬಗ್ಗೆ ಹುಡುಕಿ ಓದತೊಡಗಿದೆ. ಪ್ರಾಯಶ್ಚಿತ್ತವೆಂದಾದರೂ ಅನ್ನಿ, ಕುತೂಹಲವೆಂದಾದರೂ ಅನ್ನಿ.

ಮೊದಲು ಎದುರಾದದ್ದು ಸಮಯದ ಗಂಟು. ಶಾಲೆಯ ಕೊನೆಯ ವರ್ಷವೆಂದರೆ ಪರೀಕ್ಷೆಯ ವರ್ಷ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬೇರೆ ಯಾರೋ ಕೇಳುತ್ತಾರೆ, ಉತ್ತರ ಮೊದಲೇ ಎಲ್ಲೋ ಲಕೋಟೆಯಲ್ಲಿದೆ, ಒಬ್ಬರೇ ಕೂತು ಬರೆಯಬೇಕು. ಪಕ್ಕದವರನ್ನು ಕೇಳಿದರೆ ನಕಲು. ಉದ್ಯಮದ ಪಾಠದಲ್ಲಿ ಮೊದಲ ದಿನದ ಮನೆಗೆಲಸವೇ ಪಕ್ಕದವರನ್ನು ಕೇಳಿಕೊಂಡು ಬರುವುದು: ಇಂಥದ್ದೊಂದು ಮಾಡಿದರೆ ನೀವು ಕೊಳ್ಳುತ್ತೀರಾ, ಈಗ ಅದಕ್ಕೆ ಏನು ಮಾಡುತ್ತಿದ್ದೀರಿ, ಹಿಂದಿನ ಬಾರಿ ಎಷ್ಟು ಕೊಟ್ಟಿರಿ? ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಯಿತು. ಉದ್ಯಮದಲ್ಲಿ ತಪ್ಪಿದ್ದು ಬೇಗ ಗೊತ್ತಾದರೆ ಅದೇ ಗಳಿಕೆ. ಪರೀಕ್ಷೆಯ ದಿನಾಂಕ ವರ್ಷದ ಮೊದಲೇ ಗೋಡೆಗೆ ಅಂಟಿರುತ್ತದೆ. ಗಿರಾಕಿಗೆ ಆ ಗೋಡೆ ಕಾಣಿಸುವುದಿಲ್ಲ, ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ದಿನವೇ ದೊಡ್ಡ ಬೇಡಿಕೆ ಬರುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಆ ನೊಗದಲ್ಲಿ ಹದಿನೇಳು ವರ್ಷದ ಒಂದು ಕತ್ತು ಇದೆ.

ಹಾಗಿದ್ದರೂ ಈ ವಯಸ್ಸನ್ನೇ ಏಕೆ ಆರಿಸುತ್ತಾರೆ? ಕಾರಣವಿದೆ. ಶೇಕಡಾವಾರು, ಬಡ್ಡಿ, ಸರಾಸರಿ ಎಲ್ಲವೂ ತಲೆಗೆ ಹತ್ತಿರುತ್ತದೆ. ದೊಡ್ಡವರ ಎದುರು ನಿಂತು ಮಾತನಾಡುವಷ್ಟು ಎತ್ತರ ಬಂದಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅನೇಕರ ಪಾಲಿಗೆ ತಲೆಯ ಮೇಲಿನ ಸೂರಿನ ಚಿಂತೆಯನ್ನು ಬೇರೆಯವರು ಹೊತ್ತಿರುವ ಕೊನೆಯ ವರ್ಷ ಅದು. ಮುಂದಿನ ವರ್ಷ ಸೋತರೆ ಅದು ಸಂಸಾರದ ಸೋಲು. ಈ ವರ್ಷ ಸೋತರೆ ಪಾಠ. ಇನ್ನೂ ಒಂದು ಮಾತಿದೆ. ಮುಂದೆ ಕಾಲೇಜಿಗೆ ಹೋಗದೇ ನೇರವಾಗಿ ದುಡಿಮೆಗೆ ಇಳಿಯುವ ಮಕ್ಕಳನ್ನು ಒಂದೇ ಸೂರಿನಡಿ ಹಿಡಿಯಲು ಸಿಗುವ ಕಡೆಯ ಅವಕಾಶವೂ ಅದೇ.

ಆ ನೊಗವನ್ನು ಸರಿಮಾಡಲು ಜಗತ್ತಿನಲ್ಲಿ ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ಹೆಣಗಿದ್ದಾರೆ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಳಿಯ ಆಫ್ರಿಕನ್ ಲೀಡರ್‌ಶಿಪ್ ಅಕಾಡೆಮಿಯವರು ಒಂದು ವರ್ಷದ ಬದಲು ಎರಡು ವರ್ಷ ತೆಗೆದುಕೊಂಡರು. ಫ್ರೆಡ್ ಸ್ವಾನಿಕರ್ ಮತ್ತು ಅವರ ಸಂಗಡಿಗರು 2004ರಲ್ಲಿ ಕಟ್ಟಿದ ಸಂಸ್ಥೆ. ಮೊದಲ ತಂಡ ತರಗತಿಗೆ ಬಂದದ್ದು 2008ರಲ್ಲಿ. ಖಂಡದ ನಾನಾ ದೇಶಗಳಿಂದ ಹದಿನಾರರಿಂದ ಹತ್ತೊಂಬತ್ತರ ವಯಸ್ಸಿನವರನ್ನು ಆರಿಸಿ, ಶಾಲೆಯ ಕೊನೆಯ ಹಂತದ ಕೇಂಬ್ರಿಜ್ ಎ-ಲೆವೆಲ್ ಪರೀಕ್ಷೆಗೆ ಸಿದ್ಧಪಡಿಸುತ್ತ, ಪಕ್ಕದಲ್ಲೇ ಉದ್ಯಮ ಮತ್ತು ನಾಯಕತ್ವವನ್ನು ಒಂದು ವಿಷಯವಾಗಿಯೇ ಕಲಿಸತೊಡಗಿದರು. ಆವರಣದೊಳಗೆ ವಿದ್ಯಾರ್ಥಿಗಳೇ ನಡೆಸುವ ಸಣ್ಣಪುಟ್ಟ ಉದ್ಯಮಗಳಿರುತ್ತವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಪಾಠಕ್ಕಿಂತ ಹೆಚ್ಚಾಗಿ ಹಣದ ಷರತ್ತು. ವಿದ್ಯಾರ್ಥಿವೇತನವನ್ನು ಅವರು ಮನ್ನಾ ಮಾಡಬಹುದಾದ ಸಾಲದ ರೂಪದಲ್ಲಿ ಕೊಡುವ ಏರ್ಪಾಡು ಮಾಡಿದ್ದರು. ವಿದೇಶದಲ್ಲಿ ಓದಿದರೂ ಇಪ್ಪತ್ತೈದು ವರ್ಷ ತುಂಬಿದ ಮೇಲೆ ಆಫ್ರಿಕಾಕ್ಕೆ ಮರಳಿ ಹತ್ತು ವರ್ಷ ದುಡಿದರೆ ಸಾಲ ಮಾಫಿ, ಇಲ್ಲದಿದ್ದರೆ ತೀರಿಸಬೇಕು. ಪ್ರತಿಭೆ ಹೊರಗೆ ಹರಿದುಹೋಗುವುದನ್ನು ಕಂಡ ಖಂಡಕ್ಕೆ ಇದು ಅರ್ಥವಾಗುವ ಷರತ್ತು. ಆದರೆ ಲೆಕ್ಕ ಹಾಕಿ ನೋಡಿ: ಹದಿನೇಳರಲ್ಲಿ ಸಹಿ ಹಾಕಿದ ಮಾತು ಮೂವತ್ತೈದರವರೆಗೆ ಹಿಂಬಾಲಿಸುತ್ತದೆ. ಹದಿನೇಳರಲ್ಲಿ ನಾನು ಏನೇನು ಮಾತು ಕೊಟ್ಟಿದ್ದೆನೋ ನೆನಪು ಮಾಡಿಕೊಂಡರೆ ಮೈ ಜುಮ್ಮೆನ್ನುತ್ತದೆ. ಒಪ್ಪಂದವನ್ನು ತೆಗಳುತ್ತಿಲ್ಲ, ಪುಕ್ಕಟೆ ಹಣಕ್ಕಿಂತ ಇದು ಹೆಚ್ಚು ಪ್ರಾಮಾಣಿಕ ಎಂದೇ ನನ್ನ ಅಭಿಪ್ರಾಯ. ಎಲ್ಲ ವಿದ್ಯಾರ್ಥಿವೇತನಗಳಿಗೂ ಷರತ್ತು ಇದ್ದೇ ಇರುತ್ತದೆ. ಕೆಲವರು ಕಾಗದದ ಮೇಲೆ ಬರೆಯುತ್ತಾರೆ, ಕೆಲವರು ಮುಖದ ಮೇಲೆ ಬರೆದುಕೊಂಡಿರುತ್ತಾರೆ.

ಆ ಶಾಲೆಯಲ್ಲಿ ಓದಿದವರಲ್ಲಿ ಮಲಾವಿಯ ವಿಲಿಯಂ ಕಾಮ್‌ಕ್ವಾಂಬಾ ಒಬ್ಬರು. ದೇಶಕ್ಕೆ ಬರ ಬಡಿದಾಗ, 2002ರ ಸುಮಾರಿನಲ್ಲಿ, ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗ. ಹಳ್ಳಿಯ ಗ್ರಂಥಾಲಯದಲ್ಲಿ ಸಿಕ್ಕ ಪುಸ್ತಕ ನೋಡಿಕೊಂಡು ಸೈಕಲ್ಲಿನ ಭಾಗ, ಗುಜರಿ, ಮರದ ಕಂಬ ಸೇರಿಸಿ ಗಾಳಿಯಂತ್ರ ಮಾಡಿ ಮನೆಗೆ ದೀಪ ಹಚ್ಚಿದ. ವರ್ಷಗಳ ನಂತರ ಸುದ್ದಿಯಾಯಿತು; 2007ರಲ್ಲಿ ಟಾಂಜಾನಿಯಾದ ಅರುಷಾದಲ್ಲಿ ನಡೆದ ಟೆಡ್ ಸಮಾವೇಶದ ವೇದಿಕೆ ಹತ್ತಿದ; ನಂತರ ಈ ಅಕಾಡೆಮಿಗೆ, ಅಲ್ಲಿಂದ ಅಮೆರಿಕದ ಡಾರ್ಟ್‌ಮತ್ ಕಾಲೇಜಿಗೆ. ಈ ಕಥೆಯನ್ನು ಎಲ್ಲರೂ ಸ್ಫೂರ್ತಿಗೆಂದು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಆ ಹುಡುಗನಿಗೆ ಉದ್ಯಮಶೀಲತೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ, ಅದು ಅವನಲ್ಲಿತ್ತು. ಇಲ್ಲದೇ ಇದ್ದದ್ದು ಶಾಲೆಯ ಶುಲ್ಕ. ನಡುವೆ ಹೋದ ವರ್ಷಗಳನ್ನು ಯಾವ ವೇದಿಕೆಯೂ ಹಿಂದೆ ಕೊಡಲಿಲ್ಲ. ವೇದಿಕೆ ಸಿಗದವರ ಲೆಕ್ಕವಂತೂ ಯಾರ ಹತ್ತಿರವೂ ಇಲ್ಲ.

ಎರಡನೆಯ ದಾರಿ ಪರಾಗ್ವೆಯದು. ಮಾರ್ಟಿನ್ ಬುರ್ಟ್ 1985ರಲ್ಲಿ ಆರಂಭಿಸಿದ ಫುಂಡಾಸಿಯೋನ್ ಪರಾಗ್ವಾಯಾ ಎಂಬ ಸಂಸ್ಥೆ ಕಿರುಸಾಲದ ಕೆಲಸದಿಂದ ಹೆಸರಾದದ್ದು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ರಾಜಧಾನಿ ಅಸುನ್ಸಿಯೋನ್‌ಗೆ ಹೆಚ್ಚು ದೂರವಲ್ಲದ ಸೆರ್ರಿಟೋದಲ್ಲಿ, ಧಾರ್ಮಿಕ ಸಹೋದರರು ನಡೆಸುತ್ತಿದ್ದ ಒಂದು ಕೃಷಿ ಶಾಲೆಯನ್ನು ವಹಿಸಿಕೊಂಡಿತು. ಬಡ ರೈತರ ಮಕ್ಕಳು ಅಲ್ಲೇ ಉಳಿದು ಓದುವ ಪ್ರೌಢಶಾಲೆ. ದಾನಿಗಳ ದಾರಿ ಕಾಯುವ ಬದಲು ಶಾಲೆಯೊಳಗೇ ಉದ್ಯಮಗಳನ್ನು ಕಟ್ಟಿದರು: ಹೈನುಗಾರಿಕೆ, ಕೋಳಿ ಸಾಕಣೆ, ತರಕಾರಿ, ಕೊನೆಗೆ ಒಂದು ಹೋಟೆಲ್ ಸಹ. ಮಕ್ಕಳು ತರಗತಿಗೂ ದುಡಿಮೆಗೂ ಸರದಿಯಂತೆ ಹೋಗುತ್ತಾರೆ. ಮಾರಾಟದ ಹಣದಿಂದ ಶಾಲೆ ನಡೆಯುತ್ತದೆ. ಐದು ವರ್ಷಗಳಲ್ಲಿ ದೈನಂದಿನ ಖರ್ಚನ್ನು ತಾನೇ ತೂಗಿಸುವ ಮಟ್ಟಕ್ಕೆ ಬರಬೇಕೆಂದು ಗುರಿ ಇಟ್ಟುಕೊಂಡು, 2007ರ ಹೊತ್ತಿಗೆ ಅದನ್ನು ಮುಟ್ಟಿದರು. ಅಲ್ಲಿ ವಿದ್ಯಾರ್ಥಿವೇತನ ಕೊಡುವ ಕೈ ಯಾವುದು ಎಂದು ಕೇಳಿದರೆ ಉತ್ತರ ವಿಚಿತ್ರವಾಗಿದೆ. ಅದು ವಿದ್ಯಾರ್ಥಿಯದೇ ಕೈ.

ಈ ಹಂತದಲ್ಲಿ ಪದವೊಂದು ನನ್ನನ್ನು ಕಾಡಿತು. ‘ವಿದ್ಯಾರ್ಥಿವೇತನ’ ಎನ್ನುವಾಗ ನಾವು ‘ವೇತನ’ವನ್ನು ಕೇಳಿಸಿಕೊಳ್ಳುವುದೇ ಇಲ್ಲ. ವೇತನವೆಂದರೆ ಕೂಲಿ. ‘ಅರ್ಥಿ’ ಎಂದರೆ ಬೇಡುವವನು. ಬೇಡಿಕೊಂಡು ಬಂದವನಿಗೆ ಕೂಲಿ ಎಂಬ ವಿಚಿತ್ರ ಜೋಡಣೆ ಅದು. ಪರಾಗ್ವೆಯ ಶಾಲೆಯಲ್ಲಿ ಆ ಪದದ ಎರಡೂ ತುಂಡುಗಳು ನಿಜವಾಗುತ್ತವೆ. ಹಾಗಾಗಿಯೇ ಒಂದು ಅಳುಕೂ ಹುಟ್ಟುತ್ತದೆ. ದುಡಿಮೆಯಿಂದ ಶುಲ್ಕ ಹುಟ್ಟಬೇಕಾದ ಕಡೆ, ಕಲಿಕೆ ಎಲ್ಲಿ ಮುಗಿಯಿತು, ಬಿಟ್ಟಿ ಚಾಕರಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವವರು ಯಾರು? ಹಾಲು ಕರೆಯುವುದನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಹದಿಮೂರನೆಯ ತಿಂಗಳಲ್ಲೂ ಅದೇ ಹುಡುಗ ಕರೆಯುತ್ತಿದ್ದರೆ ಅವನು ಕಲಿಯುತ್ತಿರುವುದು ಏನನ್ನು? ಬೆಲೆ ನಿಗದಿ ಮಾಡುವ ಸಭೆಯಲ್ಲಿ, ಲೆಕ್ಕದ ಪುಸ್ತಕದ ಎದುರಿನಲ್ಲಿ, ಈ ವರ್ಷ ಯಾವ ಘಟಕವನ್ನು ನಿಲ್ಲಿಸಬೇಕು ಎಂಬ ಚರ್ಚೆಯಲ್ಲಿ ಅವನಿಗೆ ಕುರ್ಚಿ ಇದ್ದರೆ ಅದು ಉದ್ಯಮದ ಶಾಲೆ. ಇಲ್ಲದಿದ್ದರೆ ಅದು ಶಾಲೆಯ ಹೆಸರಿನ ತೋಟ. ಈ ಮಾದರಿಯನ್ನು ನಕಲು ಮಾಡಲು ಹೊರಡುವ ಯಾರಿಗಾದರೂ ನಾನು ಕೇಳುವ ಮೊದಲ ಪ್ರಶ್ನೆ ಕುರ್ಚಿಯದೇ.

ಮೂರನೆಯ ದಾರಿ ಹಳೆಯದು, ಸರಳವಾದದ್ದು, ಮತ್ತು ನನಗೆ ಅತಿ ಹೆಚ್ಚು ಹಿಡಿಸಿದ್ದು. ಅಮೆರಿಕದಲ್ಲಿ 1919ರಲ್ಲಿ ಶುರುವಾದ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆಯ ‘ಕಂಪನಿ’ ಕಾರ್ಯಕ್ರಮ. ಹುಡುಗ ಹುಡುಗಿಯರು ಸೇರಿ ಶಾಲಾ ವರ್ಷದ ಆರಂಭದಲ್ಲಿ ಒಂದು ಪುಟ್ಟ ಕಂಪನಿ ಕಟ್ಟುತ್ತಾರೆ. ನೆಂಟರಿಗೆ, ನೆರೆಯವರಿಗೆ, ಶಿಕ್ಷಕರಿಗೆ ಸಣ್ಣ ಮೊತ್ತದ ಷೇರು ಮಾರಿ ಬಂಡವಾಳ ಎತ್ತುತ್ತಾರೆ. ಏನನ್ನೋ ತಯಾರಿಸಿ ಮಾರುತ್ತಾರೆ. ವರ್ಷದ ಕೊನೆಯಲ್ಲಿ ಕಂಪನಿಯನ್ನು ಮುಚ್ಚುತ್ತಾರೆ. ಗೆದ್ದಿರಲಿ, ಸೋತಿರಲಿ, ಮುಚ್ಚಲೇಬೇಕು. ಉಳಿದ ಸರಕನ್ನು ವಿಲೇವಾರಿ ಮಾಡಿ, ಬಾಕಿ ತೀರಿಸಿ, ಷೇರುದಾರರಿಗೆ ಲಾಭವಿದ್ದರೆ ಹಂಚಿ, ಇಲ್ಲದಿದ್ದರೆ ಅವರೆದುರು ನಿಂತು ಏಕಿಲ್ಲ ಎಂದು ಹೇಳಬೇಕು.

ಈ ಮುಚ್ಚುವ ವಿಧಿಯನ್ನು ಯಾರು ಯೋಚಿಸಿ ಇಟ್ಟರೋ, ಅವರಿಗೆ ಮಕ್ಕಳೂ ಗೊತ್ತಿತ್ತು, ವ್ಯಾಪಾರವೂ ಗೊತ್ತಿತ್ತು. ಉದ್ಯಮ ಆರಂಭಿಸುವುದನ್ನು ಕಲಿಸುವವರು ಬೇಕಾದಷ್ಟು ಜನ. ರಿಬ್ಬನ್ ಇರುತ್ತದೆ, ಕತ್ತರಿ ಇರುತ್ತದೆ, ಫೋಟೋ ತೆಗೆಯುತ್ತಾರೆ. ಮುಚ್ಚುವುದನ್ನು ಕಲಿಸುವವರು ಇಲ್ಲ. ಅದನ್ನು ಜನ ರಾತ್ರಿ ಹೊತ್ತು, ಒಬ್ಬರೇ, ಫೋನು ಆರಿಸಿಟ್ಟು ಕಲಿಯುತ್ತಾರೆ. ಯಾರಿಗೆ ಮೊದಲು ಹೇಳಬೇಕು, ಯಾರ ಹಣ ಮೊದಲು ಕೊಡಬೇಕು, ಉಳಿದ ಸರಕನ್ನು ಎಷ್ಟಕ್ಕೆ ಬಿಡಬೇಕು, ಇನ್ನೊಂದು ತಿಂಗಳು ನೋಡೋಣ ಎಂಬ ಆಸೆಯ ಕತ್ತನ್ನು ಯಾವಾಗ ಹಿಚುಕಬೇಕು? ಹದಿನೇಳರಲ್ಲಿ ಇದನ್ನು ಶಿಕ್ಷಕರೊಬ್ಬರ ಪಕ್ಕದಲ್ಲಿ, ಸಣ್ಣ ಮೊತ್ತದಲ್ಲಿ, ಹಗಲಿನಲ್ಲಿ ಕಲಿತವನ ನಲವತ್ತನೆಯ ವಯಸ್ಸು ಬೇರೆಯೇ ಆಗಿರುತ್ತದೆ ಎಂದು ನಾನು ನಂಬುತ್ತೇನೆ.

ನಂಬಿಕೆಗೆ ಆಧಾರವೇನು ಎಂದು ಕೇಳಬಹುದು. ಅಧ್ಯಯನಗಳು ಆಗಿವೆ; ಅವು ಒಂದೇ ರಾಗ ಹಾಡುವುದಿಲ್ಲ. ಸ್ವೀಡನ್ನಿನಲ್ಲಿ ಇದೇ ಕಂಪನಿ ಕಾರ್ಯಕ್ರಮ 1980ರಿಂದ ನಡೆಯುತ್ತಿದೆ; ಅಲ್ಲಿ ಅದು ಪ್ರೌಢಶಾಲೆಯ ಕೊನೆಯ ಹಂತದ ಓದಿನ ಭಾಗವೇ ಆಗಿದೆ. ಅದರಲ್ಲಿ ಭಾಗವಹಿಸಿದ್ದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರ ಪ್ರಕಾರ, ಮುಂದೆ ಸ್ವಂತ ಉದ್ಯಮ ಆರಂಭಿಸುವ ಸಾಧ್ಯತೆ ಇವರಲ್ಲಿ ಹೆಚ್ಚು, ಉದ್ಯಮದಿಂದ ಬರುವ ಆದಾಯವೂ ಹೆಚ್ಚು. ಆದರೆ ಅವರ ಉದ್ಯಮಗಳು ಇತರರ ಉದ್ಯಮಗಳಿಗಿಂತ ಹೆಚ್ಚು ಕಾಲ ಉಳಿದವು ಎನ್ನುವಂತಿಲ್ಲ. ಇದಕ್ಕೆ ಎದುರಾಗಿ, ನೆದರ್‌ಲ್ಯಾಂಡ್ಸ್‌ನ ವೃತ್ತಿಪರ ಕಾಲೇಜೊಂದರ ವಿದ್ಯಾರ್ಥಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥದೇ ಕಾರ್ಯಕ್ರಮದ ನಂತರ ಕೌಶಲದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಉದ್ಯಮಿಯಾಗಬೇಕೆಂಬ ಇಚ್ಛೆಯಂತೂ ಇಳಿಯಿತು.

ನೆದರ್‌ಲ್ಯಾಂಡ್ಸ್‌ನ ಈ ಅಧ್ಯಯನವನ್ನು ಮುಂದಿಟ್ಟು ‘ನೋಡಿ, ಇದೆಲ್ಲ ದಂಡ’ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ವರ್ಷ ಸರಕು ಹೊತ್ತು, ಗಿರಾಕಿಯ ಮುಖ ನೋಡಿ, ಲೆಕ್ಕ ಬರೆದು ‘ಇದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ’ ಎಂದು ಹತ್ತೊಂಬತ್ತರಲ್ಲಿ ತಿಳಿದುಕೊಂಡವನು ಕಡಿಮೆ ಬೆಲೆಗೆ ದೊಡ್ಡ ಪಾಠ ಕೊಂಡಿದ್ದಾನೆ. ಅದೇ ಪಾಠವನ್ನು ಮನೆ ಅಡವಿಟ್ಟು ಕೊಂಡವರನ್ನು ನಾನು ನೋಡಿದ್ದೇನೆ. ಇಚ್ಛೆ ಇಳಿದದ್ದನ್ನು ವಿದ್ಯಾರ್ಥಿವೇತನದ ವರದಿಯಲ್ಲಿ ಸೋಲು ಎಂದು ಬರೆಯುತ್ತಾರೆ. ಮನೆಯವರು ಗುಟ್ಟಾಗಿ ನಿಟ್ಟುಸಿರು ಬಿಡುತ್ತಾರೆ.

ಉಗಾಂಡಾದ ಪ್ರಯೋಗ ಸಮಯದ ಗಂಟನ್ನೇ ಬೇರೆ ರೀತಿ ಬಿಚ್ಚಿತು. ಇಡೀ ವರ್ಷ ಎಳೆಯದೆ, ಪ್ರೌಢಶಾಲೆಯ ಕೊನೆಯ ಘಟ್ಟದಲ್ಲಿದ್ದವರಿಗೆ ಮೂರು ವಾರಗಳ ವಸತಿ ಶಿಬಿರ. ಸುಮಾರು 4,400 ಯುವಕ ಯುವತಿಯರನ್ನು ಒಳಗೊಂಡ ಅಧ್ಯಯನ. ಯಾರಿಗೆ ತರಬೇತಿ, ಯಾರಿಗಿಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ತರಬೇತಿಯಲ್ಲೂ ಎರಡು ಬಗೆ. ಒಂದರಲ್ಲಿ ಮುಕ್ಕಾಲು ಪಾಲು ಲೆಕ್ಕ, ಹಣಕಾಸು, ಮಾರುಕಟ್ಟೆ. ಕಾಲು ಪಾಲು ಮಾತುಕತೆ, ಚೌಕಾಸಿ, ಮನವೊಲಿಕೆ. ಇನ್ನೊಂದರಲ್ಲಿ ಇದರ ತಿರುವು. ಮೂರೂವರೆ ವರ್ಷಗಳ ನಂತರ ನೋಡಿದರೆ ಎರಡೂ ಗುಂಪಿನವರ ಗಳಿಕೆ ತರಬೇತಿ ಸಿಗದವರಿಗಿಂತ ಶೇಕಡಾ 30ರ ಆಸುಪಾಸಿನಷ್ಟು ಮೇಲಿತ್ತು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ಯಾರೋ ಪ್ರಯೋಗಶಾಲೆಗೆ ಒಯ್ದು ತಿರುಗಾಮುರುಗಾ ಮಾಡಿ ಪರೀಕ್ಷಿಸಿದಂತಿದೆ. ಒಕ್ಕಾಲು ಮುಕ್ಕಾಲು ಅದಲುಬದಲಾದರೂ ಗಳಿಕೆಯಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ. ಮೂರು ವಾರ ಸಾಕಾಯಿತು ಎಂಬುದು ನನಗೆ ಹೆಚ್ಚು ಆಶ್ಚರ್ಯ ತಂದ ಸಂಗತಿ. ಪರೀಕ್ಷೆಯ ವರ್ಷದ ಕತ್ತಿನ ಮೇಲೆ ಇನ್ನೊಂದು ನೊಗ ಹೇರುವ ಮುನ್ನ, ರಜೆಯ ಇಪ್ಪತ್ತೊಂದು ದಿನ ಸಾಲದೇ ಎಂದು ಯಾರಾದರೂ ಕೇಳಲೇಬೇಕು.

ಓದನ್ನೇ ಬಿಟ್ಟು ಬಾ, ಹಣ ಕೊಡುತ್ತೇನೆ ಎನ್ನುವವರೂ ಇದ್ದಾರೆ. ಅಮೆರಿಕದ ಹೂಡಿಕೆದಾರ ಪೀಟರ್ ಥೀಲ್ ಅವರ ಹೆಸರಿನ ಫೆಲೋಶಿಪ್ 2011ರಲ್ಲಿ ಆರಂಭವಾದಾಗ ಇಪ್ಪತ್ತರೊಳಗಿನವರಿಗೆ ಎರಡು ವರ್ಷಕ್ಕೆ 1,00,000 ಡಾಲರ್ ಕೊಟ್ಟು ಕಾಲೇಜಿನಿಂದ ಹೊರಗೆ ಬರಲು ಹೇಳಿತು. ಸುದ್ದಿಗೆ ಅದು ಚೆನ್ನ. ಓದು ಬಿಟ್ಟರೂ ಹಿಂದಿರುಗಿ ಹೋಗಲು ಬಾಗಿಲು ತೆರೆದೇ ಇರುವ ಮಕ್ಕಳಿಗೂ ಅದು ಚೆನ್ನ. ನಾನು ಮಾತನಾಡುತ್ತಿರುವ ಮಕ್ಕಳಿಗೆ ಹನ್ನೆರಡನೆಯ ತರಗತಿಯ ಆ ಒಂದು ಪ್ರಮಾಣಪತ್ರವೇ ಬಾಗಿಲು. ಅದನ್ನು ಕೈಯಲ್ಲಿಟ್ಟುಕೊಂಡೇ ಇನ್ನೊಂದು ಕೈಯನ್ನು ಬೆಂಕಿಗೆ ಚಾಚಬೇಕು.

ನ್ಯೂಯಾರ್ಕಿನ ಸ್ಟೀವ್ ಮರಿಯೊಟ್ಟಿ ಇದನ್ನು ಇನ್ನೊಂದು ತುದಿಯಿಂದ ಕಂಡವರು. ಆಮದು ರಫ್ತಿನ ವ್ಯಾಪಾರ ಮಾಡುತ್ತಿದ್ದವರು, ಬೀದಿಯಲ್ಲಿ ಹದಿಹರೆಯದವರಿಂದ ದರೋಡೆಗೆ ಒಳಗಾದ ಬಳಿಕ ವ್ಯಾಪಾರ ಬಿಟ್ಟು ಬಡ ಬಡಾವಣೆಗಳ ಶಾಲೆಗಳಲ್ಲಿ ಪಾಠ ಹೇಳಲು ಹೋದರು. ಗಣಿತವೆಂದರೆ ಮಲಗುವ ಹುಡುಗರು ಕೊಳ್ಳುವ ಮಾರುವ ಮಾತು ಬಂದ ಕೂಡಲೇ ಎದ್ದು ಕೂರುವುದನ್ನು ನೋಡಿದರು. 1987ರಲ್ಲಿ ಅದಕ್ಕೆಂದೇ ಸಂಸ್ಥೆ ಕಟ್ಟಿದರು. ಇಲ್ಲಿ ಉದ್ಯಮದ ಪಾಠ ಓದಿಗೆ ಎದುರಾಳಿಯಾಗಲಿಲ್ಲ, ಓದಿನತ್ತ ಎಳೆದು ತರುವ ಹಗ್ಗವಾಯಿತು. ನನ್ನ ಎತ್ತು ಕೋಣದ ಹೋಲಿಕೆ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾದ ಜಾಗ ಇದು.

ಈಗ ಯಾರಾದರೂ ತಂದೆಯೋ ತಾಯಿಯೋ ಶಿಕ್ಷಕರೋ ಇಂಥ ವಿದ್ಯಾರ್ಥಿವೇತನದ ಕಾಗದ ಹಿಡಿದು ನನ್ನ ಹತ್ತಿರ ಬಂದರೆ, ಮೊತ್ತ ಎಷ್ಟೆಂದು ನೋಡುವ ಮೊದಲು ನಷ್ಟದ ಬಗ್ಗೆ ಏನು ಬರೆದಿದೆ ಎಂದು ಹುಡುಕುತ್ತೇನೆ. ಬಹಳ ಸಲ ಏನೂ ಬರೆದಿರುವುದಿಲ್ಲ. ಹುಡುಗಿಯ ಉದ್ಯಮ ಮುಳುಗಿದರೆ ಆ ಸಾಲ ಯಾರದು? ಆ ವರ್ಷ ಅಂಕ ಇಳಿದರೆ ವೇತನ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಾದರೆ, ಯಾವ ಬುದ್ಧಿವಂತ ಮಗುವೂ ನಿಜವಾದ ಅಪಾಯಕ್ಕೆ ಕೈ ಹಾಕುವುದಿಲ್ಲ. ತೋರಿಕೆಗೊಂದು ಉದ್ಯಮ, ಗೋಡೆಗೊಂದು ಭಿತ್ತಿಪತ್ರ, ಸಮಾರಂಭಕ್ಕೊಂದು ಭಾಷಣ ಸಿದ್ಧಪಡಿಸಿ, ಸಂಜೆ ಹೊತ್ತು ಪರೀಕ್ಷೆಗೆ ಓದಿಕೊಳ್ಳುತ್ತದೆ. ಅದರ ತಪ್ಪೇನೂ ಇಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಇನ್ನು ಕಾನೂನಿನ ತೊಡಕು. ಹೆಚ್ಚಿನ ದೇಶಗಳಲ್ಲಿ ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ ಪೂರ್ಣ ಬಲವಿರುವುದಿಲ್ಲ. ಬ್ಯಾಂಕ್ ಖಾತೆಗೆ ಪೋಷಕರ ಸಹಿ ಬೇಕು, ಕಂಪನಿಯ ನೋಂದಣಿಗೆ ದೊಡ್ಡವರೊಬ್ಬರ ಹೆಸರು ಬೇಕು. ಕಾಗದದಲ್ಲಿ ಉದ್ಯಮ ಚಿಕ್ಕಪ್ಪನದು, ವೇದಿಕೆಯ ಮೇಲೆ ಹುಡುಗನದು. ಉದ್ಯಮ ಸಣ್ಣದಿರುವಷ್ಟು ದಿನ ಇದು ತಮಾಷೆ. ದೊಡ್ಡದಾದರೆ, ಅಥವಾ ಕಾರ್ಯಕ್ರಮ ನಡೆಸುವ ಸಂಸ್ಥೆಯೇ ಅದರಲ್ಲಿ ಪಾಲು ಕೇಳಿದರೆ, ತಮಾಷೆ ಅಲ್ಲೇ ಮುಗಿಯುತ್ತದೆ. ತರಬೇತಿಯ ಅವಧಿಯಲ್ಲಿ ಹುಟ್ಟಿದ ಕಲ್ಪನೆ ಯಾರ ಸ್ವತ್ತು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ಕೇಳಿದರೆ ಬೇಸರ ಪಟ್ಟುಕೊಳ್ಳುವ ಸಂಸ್ಥೆಯಿಂದ ದೂರ ಉಳಿಯುವುದು ಇನ್ನೂ ಒಳ್ಳೆಯದು.

ಆಯ್ಕೆಯ ವಿಷಯಕ್ಕೆ ಮರಳುತ್ತೇನೆ, ನನ್ನ ಪಾಪ ಇರುವುದು ಅಲ್ಲಿ. ಅರ್ಜಿಯೆಂದರೆ ಬರವಣಿಗೆ, ಸಂದರ್ಶನವೆಂದರೆ ಮಾತು. ಬರವಣಿಗೆ ಮತ್ತು ಮಾತು ಎರಡೂ ಮನೆಯಿಂದ ಬರುವ ಆಸ್ತಿ. ದೊಡ್ಡವರು ಊಟದ ಹೊತ್ತಿಗೆ ಬಂಡವಾಳ, ಮಾರುಕಟ್ಟೆ ಎಂದು ಮಾತನಾಡುವ ಮನೆಯ ಮಗು ನಮ್ಮೆದುರು ಅದೇ ಪದಗಳನ್ನು ನೀರು ಕುಡಿದಷ್ಟು ಸುಲಭವಾಗಿ ಆಡುತ್ತದೆ. ದಿನವೂ ನಿಜವಾಗಿ ವ್ಯಾಪಾರ ಮಾಡುವ ಮನೆಯ ಮಗುವಿಗೆ ತಾನು ಮಾಡುತ್ತಿರುವುದಕ್ಕೆ ಅಂಥ ಹೆಸರಿದೆಯೆಂದೇ ಗೊತ್ತಿರುವುದಿಲ್ಲ. ಅದು ‘ಅಪ್ಪನಿಗೆ ಸಹಾಯ’ ಎಂದು ಬರೆದು ಸುಮ್ಮನಾಗುತ್ತದೆ. ಎಷ್ಟು ‘ಅಪ್ಪನಿಗೆ ಸಹಾಯ’ಗಳನ್ನು ನಾನು ದಾಟಿಕೊಂಡು ಹೋಗಿದ್ದೇನೋ!

ಮರುವರ್ಷ ಆ ಸಂಸ್ಥೆಗೆ ಒಂದು ಪತ್ರ ಬರೆದೆ. ‘ಸಾಧನೆ’ಯ ಕಲಮಿನ ಪಕ್ಕದಲ್ಲಿ ‘ನೀವು ನಿಲ್ಲಿಸಿದ ಕೆಲಸ ಯಾವುದು, ಹೇಗೆ ನಿಲ್ಲಿಸಿದಿರಿ?’ ಎಂಬ ಪ್ರಶ್ನೆ ಸೇರಿಸಬಹುದೇ ಎಂದು ಕೇಳಿದೆ. ಸಲಹೆಗೆ ಧನ್ಯವಾದ ಹೇಳಿ ಸೊಗಸಾದ ಉತ್ತರ ಬಂತು. ನಮೂನೆ ಹಾಗೆಯೇ ಉಳಿಯಿತು. ಎರಡು ವರ್ಷದ ನಂತರ ನಾನು ಆ ಕೆಲಸ ಬಿಟ್ಟೆ; ಸಿಟ್ಟಿನಿಂದೇನೂ ಅಲ್ಲ, ಕಣ್ಣು ಸೋಲುತ್ತಿತ್ತು.

ಪುಸ್ತಕದ ಹುಡುಗಿ ಆಯ್ಕೆಯಾಗಲಿಲ್ಲ ಎಂಬುದು ಮಾತ್ರ ನನಗೆ ಗೊತ್ತು. ಅಂತಿಮ ಪಟ್ಟಿಯಲ್ಲಿ ಅವಳ ಸಂಖ್ಯೆಯನ್ನು ಎರಡು ಬಾರಿ ಹುಡುಕಿದ್ದೆ. ಅರ್ಜಿಗಳ ಪ್ರತಿಗಳನ್ನು ಹಿಂದಿರುಗಿಸುವ ಮೊದಲು ಅವಳ ಲೆಕ್ಕದ ಹಾಳೆಯನ್ನು, ಆ ಸಂಜೆ ಸರಿಯಾಗಿ ಓದಿರದ ಹಾಳೆಯನ್ನು, ಮತ್ತೊಮ್ಮೆ ತೆಗೆದು ನೋಡಿದೆ. ಕೊಂಡ ಪುಸ್ತಕ, ಮಾರಿದ ಪುಸ್ತಕ, ಹಿಂದಿರುಗಿಸಿದ ಮುಂಗಡ, ರದ್ದಿಗೆ ಹಾಕಿದ್ದರಿಂದ ಬಂದದ್ದು, ರಜೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಸಾಲಕ್ಕೆ ತುಂಬಿದ್ದು. ಕೆಳಗೆ ಎರಡು ಗೆರೆ ಎಳೆದು, ಕೊನೆಯ ಸಾಲು: ‘ಕೊಡಬೇಕಾದ ಬಾಕಿ: ಯಾರಿಗೂ ಇಲ್ಲ.’ ಅದಕ್ಕೆ ಪಿನ್ ಹಾಕಿ ಸೇರಿಸಿದ್ದ ನಮೂನೆಯ ಮೇಲೆ, ಸುತ್ತು ಹಾಕಿದ ನನ್ನ ಎರಡು ಅಂಕ.